ಕಂಠದಾನ ಕೂಲಿಯೇ, ಕಲೆಯೇ?

ಪ್ರಶ್ನೆ: ಮಾಸ್ತರರೇ, ನಾನು ತಾಳಮದ್ದಳೆಯಲ್ಲಿ, ಅಂದರೆ ವೇಷ-ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವವನು. ಮಲಯಾಳಂ ಸಿನಿಮಾವೊಂದರ ಕನ್ನಡ ಡಬ್ಬಿಂಗ್‌ಗೆ ಕರೆ ಬಂದಿದೆ. ‘ಇನ್ನೊಬ್ಬರ ಮುಖಕ್ಕೆ ಮಾತು ಕೊಡುವುದು ಕೂಲಿ, ಕಲೆಯಲ್ಲ’ ಎಂದು ನಮ್ಮ ಸಂಘದ ಹಿರಿಯರೊಬ್ಬರು ಗದರಿದರು. ಹೋಗಲೇ, ಬಿಡಲೇ?
– ಓದುಗ, ಬದಿಯಡ್ಕ, ಕಾಸರಗೋಡು

ಉತ್ತರ: ಹೋಗಿ. ಆ ಹಿರಿಯರಿಗೆ ಫ್ರಾಂಟಿಶೆಕ್ ಫಿಲಿಪೋವ್‌ಸ್ಕಿ ಎಂಬ ಚೆಕ್ ನಟನ ಕಥೆ ಹೇಳಿ.

1907ರಲ್ಲಿ ಪ್ರೆಲೌಚ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ಇವರು ಪ್ರಾಗ್‌ನ ಹೊಸ ಅಲೆಯ ನಾಟಕ ತಂಡಗಳಲ್ಲಿ ಪಳಗಿ, 1945ರಲ್ಲಿ ರಾಷ್ಟ್ರೀಯ ರಂಗಮಂದಿರ ಸೇರಿದರು. 1881ರಲ್ಲಿ ತೆರೆದ ಎರಡೇ ತಿಂಗಳಿಗೆ ಬೆಂಕಿಗೆ ಆಹುತಿಯಾದ ಆ ಮಂದಿರವನ್ನು ಚೆಕ್ ಜನ ತಾವೇ ಹಣ ಕೂಡಿಸಿ 1883ರಲ್ಲಿ ಮತ್ತೆ ಎಬ್ಬಿಸಿದ್ದರು. ತಮ್ಮ ಭಾಷೆಯ ಮಾತು ರಂಗದ ಮೇಲೆ ಕೇಳಬೇಕೆಂಬ ಹಟ ಅದು. 1956ರಲ್ಲಿ ಊರು ಕೇರಳಕ್ಕೆ ಸೇರಿದ ನಂತರವೂ ತಾಳಮದ್ದಳೆ ಕೂಟಗಳಲ್ಲಿ ಕನ್ನಡವನ್ನು ಕಾಪಾಡಿಕೊಂಡು ಬಂದ ಕಾಸರಗೋಡಿನವರಿಗೆ ಆ ಹಟವನ್ನು ವಿವರಿಸಬೇಕಾಗಿಲ್ಲ.

ಇಂಥ ರಂಗನಟ ಫ್ರೆಂಚ್ ಹಾಸ್ಯನಟ ಲೂಯಿ ದ ಫ್ಯೂನೆಸ್‌ಗೆ ಚೆಕ್ ಕಂಠವಾದರು. ಕೆಲಸ ಸುಲಭದ್ದಲ್ಲ. ಫ್ರೆಂಚ್ ಮಾತಿನ ಒತ್ತು ಪದಗುಚ್ಛದ ಕೊನೆಗೆ ಬೀಳುತ್ತದೆ, ಚೆಕ್‌ನ ಒತ್ತು ಪದದ ಮೊದಲ ಅಕ್ಷರಕ್ಕೆ. ಅರಳು ಹುರಿದಂತೆ ಮಾತಾಡುವ, ಮಾತಿನ ನಡುವೆ ಗೊಣಗುವ, ಕಿರುಚುವ ಆ ಮುಖಕ್ಕೆ ಉಸಿರು ತಪ್ಪದೆ ಜೊತೆಗೊಡಬೇಕಿತ್ತು. 1993ರಲ್ಲಿ ಅವರು ತೀರಿಕೊಂಡರು. 1995ರಿಂದ ಅವರ ಹುಟ್ಟೂರಿನಲ್ಲಿ, ಅವರ ಹೆಸರಿನಲ್ಲೇ, ಡಬ್ಬಿಂಗ್ ಕಲಾವಿದರಿಗೆ ಪ್ರಶಸ್ತಿ ಕೊಡುತ್ತಿದ್ದಾರೆ. ಕೂಲಿಗೆ ಯಾವ ಊರು ಹೀಗೆ ಗೌರವ ಕೊಡುತ್ತದೆ?

ಅಷ್ಟಕ್ಕೂ, ತಾಳಮದ್ದಳೆಯ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ವೇಷವಿಲ್ಲದೆ, ಕುಳಿತಲ್ಲೇ ವಾಲಿಯಾಗುತ್ತಿದ್ದುದು ಯಾವುದರಿಂದ? ಕಂಠದಿಂದಲೇ ಅಲ್ಲವೇ?

ಆದರೆ ಒಂದು ವ್ಯತ್ಯಾಸ ನಿಮ್ಮನ್ನು ಕಾಡುತ್ತದೆ. ಕೂಟದಲ್ಲಿ ಭಾಗವತರು ಹಾಡಿದ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಬಹುದು. ಇಲ್ಲಿ ಪರದೆಯ ಮೇಲಿನ ತುಟಿಯೇ ಯಜಮಾನ. ಮಲಯಾಳಂನ ‘ವೇಣಂ’ ತುಟಿ ಮುಚ್ಚಿ ಮುಗಿಯುತ್ತದೆ. ನಮ್ಮ ‘ಬೇಕು’ ತುಟಿ ಮುಚ್ಚಿ ಶುರುವಾಗುತ್ತದೆ. ಅಂಥಲ್ಲಿ, ಸಂದರ್ಭ ಒಪ್ಪಿದರೆ, ‘ಕೊಡಮ್ಮ’ ಎಂದು ನೋಡಿ, ಮಕಾರ ಸರಿಯಾಗಿ ಕೂರುತ್ತದೆ. ಬರೆದುಕೊಟ್ಟ ಮಾತು ಕೂರದಿದ್ದರೆ ನಿರ್ದೇಶಕರಿಗೆ ಧೈರ್ಯವಾಗಿ ಹೇಳಿ. ಸ್ಥಳದಲ್ಲೇ ಮಾತು ಹೊಸೆಯುವುದು ಅರ್ಥಧಾರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಇನ್ನೊಂದು, ಕುಳಿತು ಮಾತಾಡಬೇಡಿ. ಹಿಂದೆ ಮಂಗಳೂರು ಆಕಾಶವಾಣಿಯ ನಾಟಕವೊಂದರಲ್ಲಿ ನನಗೆ ಓಡೋಡಿ ಬಂದ ದೂತನ ಪಾತ್ರ. ಕುಳಿತು ಎಷ್ಟು ಏದುಸಿರು ಬಿಟ್ಟರೂ ಅದು ಸುಳ್ಳೆಂದು ಕೇಳಿಸುತ್ತಿತ್ತು. ಕೊನೆಗೆ ಹೊರಗೆ ಹೋಗಿ ಅಂಗಳದಲ್ಲಿ ಎರಡು ಸುತ್ತು ಓಡಿ ಬಂದು ಮೈಕಿನ ಮುಂದೆ ನಿಂತೆ. ಅಂದಿನಿಂದ ಕಂಠವೆಂದರೆ ಗಂಟಲಷ್ಟೇ ಎಂದು ನಾನು ಭಾವಿಸಿಲ್ಲ.

ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳಿ. ತೆರೆಯ ಮೇಲೆ ಹೆಸರು ಹಾಕುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಫಿಲಿಪೋವ್‌ಸ್ಕಿ ಕಂಠ ಕೊಟ್ಟರೆಂದು ನಟನೆ ಬಿಡಲಿಲ್ಲ; ನೀವೂ ಕೂಟ ಬಿಡಬೇಡಿ. ಸಿನಿಮಾ ಬಂದಾಗ ಆ ಹಿರಿಯರನ್ನು ನೀವೇ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಂಠ ನಿಮ್ಮದೆಂದು ಮಾತ್ರ ಮೊದಲೇ ಹೇಳಬೇಡಿ.