ಆ ಪೈಪ್ಸ್ ಇರುವುದು ಅಳುವುದಕ್ಕಷ್ಟೇ ಅಲ್ಲ

ಪ್ರಶ್ನೆ: 'ಬ್ರೇವ್‌ಹಾರ್ಟ್' ಸಿನಿಮಾದಲ್ಲಿ ಕೇಳಿಬರುವ ಪೈಪ್ಸ್ (ಚೀಲದ ಗಾಳಿಯಿಂದ ನುಡಿಯುವ ಬ್ಯಾಗ್‌ಪೈಪ್ ವಾದ್ಯ) ಸ್ಕಾಟ್ಲೆಂಡಿನದಲ್ಲ, ಐರ್ಲೆಂಡಿನದು ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಕಥೆ ನಡೆಯುವುದು ಸ್ಕಾಟ್ಲೆಂಡಿನಲ್ಲಿ ಅಲ್ವಾ? ಅವರ ಮಾತು ನಿಜವೇ?

ಉತ್ತರ: ನಿಜ. 1995ರ ಆ ಚಿತ್ರಕ್ಕೆ ಸಂಗೀತ ಕೊಟ್ಟವರು ಜೇಮ್ಸ್ ಹಾರ್ನರ್. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ನಡುವೆ ಎದ್ದು ಕೇಳುವ ಆ ದನಿ ಅಮೆರಿಕದ ಎರಿಕ್ ರಿಗ್ಲರ್ ಅವರದು. ಅವರು ನುಡಿಸಿದ್ದು ಐರ್ಲೆಂಡಿನ ಇಲ್ಲನ್ ಪೈಪ್ಸ್. ಕಥಾನಾಯಕ ವಾಲೇಸ್‌ನನ್ನು ಕೊಂದದ್ದು 1305ರಲ್ಲಿ. ಈ ವಾದ್ಯ ರೂಪ ತಳೆದದ್ದು 18ನೇ ಶತಮಾನದಲ್ಲಿ. ಚರಿತ್ರೆಗೆ ಹೊಂದುವ ಮಾತೇ ಇಲ್ಲ.

ಆದರೂ ಸಂಗೀತ ನಿರ್ದೇಶಕರಿಗೆ ಇದೇ ಯಾಕೆ ಇಷ್ಟ ಎಂದರೆ ಕಾರಣವಿದೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಪೈಪ್ಸ್ ಬಯಲಿನ ವಾದ್ಯ. ಬಾಯಿಂದ ಊದಬೇಕು. ಸ್ವರಗಳು ಒಂಬತ್ತೇ. ದನಿಯನ್ನು ತಗ್ಗಿಸಲು ಆಗುವುದಿಲ್ಲ, ಪಕ್ಕದಲ್ಲಿ ಪಿಟೀಲು ಇದ್ದರೆ ಅದು ಮುಳುಗಿಯೇ ಹೋಗುತ್ತದೆ. ಇಲ್ಲನ್ ಪೈಪ್ಸ್ ಕೋಣೆಯೊಳಗೆ ಕೂತು ನುಡಿಸುವಂಥದ್ದು. ಬಲ ಮೊಣಕೈ ಕೆಳಗೆ ಪುಟ್ಟ ತಿದಿ, ಎಡ ತೋಳಿನಡಿ ಗಾಳಿಚೀಲ. ಬಾಯಿಗೆ ಕೆಲಸವೇ ಇಲ್ಲ. ದನಿ ಮೆತ್ತಗೆ, ಎರಡು ಸ್ಥಾಯಿ ಪೂರ್ತಿ ಸಿಗುತ್ತವೆ. ಆರ್ಕೆಸ್ಟ್ರಾ ಜೊತೆ ಕೂರಿಸಲು ಇದಕ್ಕಿಂತ ಇನ್ನೇನು ಬೇಕು?

ಹಾರ್ನರ್ 1997ರ 'ಟೈಟಾನಿಕ್'ಗೂ ರಿಗ್ಲರ್ ಅವರನ್ನೇ ಕರೆದರು. ಅಲ್ಲಿ ಐರ್ಲೆಂಡಿನ ದನಿಗೆ ನ್ಯಾಯವಾದ ಜಾಗವಿದೆ. ಹಡಗು ಕಟ್ಟಿದ್ದು ಬೆಲ್‌ಫಾಸ್ಟ್‌ನಲ್ಲಿ. ಕೊನೆಯ ಬಾರಿ ನಿಂತದ್ದು ಕ್ವೀನ್ಸ್‌ಟೌನ್ ಬಂದರಿನಲ್ಲಿ, ಇಂದಿನ ಕೋವ್. 1912ರ ಏಪ್ರಿಲ್ 11ರಂದು ಹಡಗು ಅಲ್ಲಿಂದ ಹೊರಟಾಗ ಅಥ್ಲೋನ್ ಊರಿನ ಮೂರನೇ ದರ್ಜೆಯ ಪ್ರಯಾಣಿಕನೊಬ್ಬ ಡೆಕ್ ಮೇಲೆ ನಿಂತು ನಿಜವಾಗಿಯೂ ಪೈಪ್ಸ್ ನುಡಿಸಿದ್ದ. ಅವನು ಬದುಕಿ ಉಳಿದ. ಮುಳುಗಿಹೋದ ಪೈಪ್ಸ್‌ಗೆ 50 ಡಾಲರ್ ಪರಿಹಾರವನ್ನೂ ಕೇಳಿದ. ಸಿನಿಮಾದ ಯಾವ ದೃಶ್ಯಕ್ಕಿಂತಲೂ ಈ ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ.

ಪ್ರಶ್ನೆ: ಈ ದನಿ ಕೇಳಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಇದು ಶೋಕಕ್ಕೆಂದೇ ಇರುವ ವಾದ್ಯವೇ?

ಉತ್ತರ: ಖಂಡಿತ ಅಲ್ಲ. ಸಿನಿಮಾಗಳ ಮೇಲೆ ನನಗಿರುವ ದೊಡ್ಡ ತಕರಾರೇ ಇದು. ಯಾರೋ ಸತ್ತರು, ಯಾರೋ ಊರು ಬಿಟ್ಟರು, ಮಂಜು ಕವಿಯಿತು ಎಂದರೆ ಸಾಕು, ಪೈಪ್ಸ್ ಶುರು. 1975ರ 'ಬ್ಯಾರಿ ಲಿಂಡನ್'ನಲ್ಲಿ ಚೀಫ್ಟನ್ಸ್ ತಂಡ, ಅದರ ಪೈಪರ್ ಪ್ಯಾಡಿ ಮಲೋನಿ ಜಗತ್ತಿಗೆಲ್ಲ ಗೊತ್ತಾದರು. ಅಲ್ಲೂ ಜನರ ನೆನಪಿನಲ್ಲಿ ಉಳಿದದ್ದು ಶಾನ್ ಓ ರಿಯಾಡ ಅವರ ನಿಧಾನ ಗತಿಯ ರಾಗವೇ. ರಾಗ ಬಹಳ ಚೆನ್ನಾಗಿದೆ, ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಆದರೆ ಇಲ್ಲನ್ ಪೈಪ್ಸ್ ಎಂದರೆ ಅರ್ಧಕ್ಕಿಂತ ಜಾಸ್ತಿ ಕುಣಿತದ ಸಂಗೀತ. ಜಿಗ್, ರೀಲ್, ಹಾರ್ನ್‌ಪೈಪ್ ಎಂಬ ಕುಣಿತದ ಧಾಟಿಗಳು.

ಈ ವಾದ್ಯದ ಕೈಚಳಕ ಇರುವುದೂ ಅಲ್ಲೇ. ರಾಗ ನುಡಿಸುವ ಕೊಳವೆಗೆ ಚಾಂಟರ್ ಎನ್ನುತ್ತಾರೆ. ಪೈಪರ್ ಅದರ ತುದಿಯನ್ನು ತೊಡೆಯ ಮೇಲಿಟ್ಟ ಚರ್ಮದ ತುಂಡಿಗೆ ಒತ್ತಿ, ರಂಧ್ರಗಳನ್ನೂ ಮುಚ್ಚಿದರೆ ದನಿ ಅಲ್ಲೇ ಕಡಿಯುತ್ತದೆ. ಬೇರೆ ಪೈಪ್ಸ್‌ಗಳಲ್ಲಿ ಹೆಚ್ಚಿನವು ನಿಲ್ಲದೆ ಕೂಗುತ್ತಲೇ ಇರುತ್ತವೆ. ಇಲ್ಲಿ ಸ್ವರ ಸ್ವರಕ್ಕೂ ಬಿಡುವು ಕೊಡಬಹುದು, ಚಿಟಿಕೆ ಹೊಡೆದಂತೆ ಬಿಡಿಸಿ ಬಿಡಿಸಿ ನುಡಿಸಬಹುದು. ಶ್ರುತಿಗೆ ಡ್ರೋನ್ ಎಂಬ, ಒಂದೇ ಸ್ವರ ಹಿಡಿದಿರುವ ಮೂರು ಕೊಳವೆಗಳು. ಅದರ ಜೊತೆಗೆ ರೆಗ್ಯುಲೇಟರ್ ಎಂಬ ಮೂರು ಕೊಳವೆಗಳು ತೊಡೆಗೆ ಅಡ್ಡಲಾಗಿ ಮಲಗಿರುತ್ತವೆ. ಬೆರಳುಗಳು ರಾಗದಲ್ಲಿ ಮುಳುಗಿರುವಾಗಲೇ ಪೈಪರ್ ಬಲಗೈ ಮಣಿಕಟ್ಟಿನ ಬದಿಯಿಂದ ಅವುಗಳ ಕೀಲಿಗಳನ್ನು ತಟ್ಟುತ್ತಾರೆ. ಒಂದೇ ಏಟಿಗೆ ಎರಡು ಮೂರು ಸ್ವರ ಒಟ್ಟಿಗೆ ಹೊಮ್ಮುತ್ತವೆ, ತಾಳಕ್ಕೆ ಒತ್ತು ಬೀಳುತ್ತದೆ. ಒಬ್ಬರೇ ಕೂತು ಇಷ್ಟೆಲ್ಲ ಮಾಡುತ್ತಾರೆ! ಸಿನಿಮಾ ಸಂಗೀತದಲ್ಲಿ ರೆಗ್ಯುಲೇಟರ್ ದನಿ ಹುಡುಕಿ ನೋಡಿ, ಸಿಗುವುದು ತೀರಾ ಅಪರೂಪ.

ಇನ್ನು ಶೋಕದ ಮಾತು. ಐರ್ಲೆಂಡಿನವರ ನಿಧಾನ ರಾಗಗಳಲ್ಲಿ ಎಷ್ಟೋ ಹಳೆಯ ಐರಿಶ್ ಭಾಷೆಯ ಹಾಡುಗಳಿಂದ ಬಂದವು. ಹಾಡಿನ ಮಾತು ಗೊತ್ತಿರುವ ಪೈಪರ್ ಆ ಮಾತಿನ ಉಸಿರನ್ನೇ ಹಿಡಿಯುತ್ತಾರೆ, ತಾಳಕ್ಕೆ ಕಟ್ಟುಬೀಳುವುದಿಲ್ಲ. ಕೆಳಗೆ ಐವತ್ತು ಪಿಟೀಲು ಹಾಸಿದರೆ ಆ ಸ್ವಾತಂತ್ರ್ಯ ಉಳಿಯುವುದಿಲ್ಲ. ಆಗ ಪೈಪ್ಸ್ ಸುಮ್ನೆ ಬಣ್ಣಕ್ಕಷ್ಟೇ ಎಂಬಂತಾಗುತ್ತದೆ.

ಪ್ರಶ್ನೆ: ಸಿನಿಮಾದ ಆಚೆ ಕೇಳಬೇಕೆಂದರೆ ಎಲ್ಲಿಂದ ಶುರು ಮಾಡಲಿ? ಈಗಲೂ ನುಡಿಸುವವರಿದ್ದಾರೆಯೇ?

ಉತ್ತರ: ಧಾರಾಳವಾಗಿ ಇದ್ದಾರೆ. ಒಂದು ಕಾಲಕ್ಕೆ ಕಲೆ ಅಳಿದೇ ಹೋಗುತ್ತದೆ ಎಂಬ ಭಯವಿತ್ತು. 1968ರಲ್ಲಿ ಪೈಪರ್‌ಗಳೇ ಸೇರಿ 'ನಾ ಪೀಬರೀ ಇಲ್ಲನ್' ಎಂಬ ಸಂಘ ಕಟ್ಟಿದರು. ಅದು ಡಬ್ಲಿನ್‌ನ ಹೆನ್ರಿಯೆಟಾ ಬೀದಿಯಲ್ಲಿದೆ, ಪಾಠವೂ ಅಲ್ಲಿ ನಡೆಯುತ್ತದೆ. 2017ರಲ್ಲಿ ಯುನೆಸ್ಕೊ ಈ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ಲೇರ್ ಕೌಂಟಿಯ ಮಿಲ್ಟೌನ್ ಮಾಲ್ಬೇ ಊರಿನಲ್ಲಿ ಪ್ರತಿ ಜುಲೈ ತಿಂಗಳು ಪೈಪರ್ ವಿಲ್ಲಿ ಕ್ಲಾನ್ಸಿ ಹೆಸರಿನ ಬೇಸಿಗೆ ಶಾಲೆ ನಡೆಯುತ್ತದೆ.

ಮೊದಲು ಕೇಳಬೇಕಾದವರು ಜಾನಿ ಡೋರಾನ್. ಕುದುರೆಗಾಡಿಯಲ್ಲಿ ಊರೂರು ತಿರುಗಿ, ಜಾತ್ರೆಗಳಲ್ಲಿ ನುಡಿಸಿ ಬದುಕಿದವರು. 1947ರಲ್ಲಿ ಐರಿಶ್ ಜಾನಪದ ಆಯೋಗ ಡಬ್ಲಿನ್‌ನಲ್ಲಿ ಅವರ ನುಡಿಸಾಣಿಕೆಯನ್ನು ಧ್ವನಿಮುದ್ರಿಸಿತು. ಮಾರನೇ ವರ್ಷ ಅವರ ಗಾಡಿಯ ಮೇಲೆ ಗೋಡೆ ಕುಸಿದು ತೀವ್ರ ಗಾಯವಾಯಿತು. 1950ರಲ್ಲಿ ತೀರಿಕೊಂಡರು. ನಮಗೆ ಉಳಿದಿರುವುದು ಆ ಒಂದಿಷ್ಟು ಮುದ್ರಿಕೆಗಳು ಮಾತ್ರ. ಅದರಲ್ಲಿ 'ರೇಕಿಶ್ ಪ್ಯಾಡಿ' ಎಂಬ ರೀಲ್ ಹುಡುಕಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಮ್ಮೆ ರಾಗಕ್ಕೆ, ಇನ್ನೊಮ್ಮೆ ಕೆಳಗಿನ ರೆಗ್ಯುಲೇಟರ್ ಏಟುಗಳಿಗೆ. ಅದಾದ ಮೇಲೆ ಶೇಮಸ್ ಎನಿಸ್, ಲಿಯಮ್ ಓ'ಫ್ಲಿನ್ ಎಂಬ ಪೈಪರ್‌ಗಳ ಕಡೆಗೆ ಹೋಗಬಹುದು.