‘ಇವಾನ್ ಇಲ್ಯಿಚ್‌ನ ಸಾವು’ ಎರಡನೇ ಅಧ್ಯಾಯಕ್ಕೇ ನಿಂತುಹೋಯ್ತು, ಹೇಗೆ ಓದಲಿ?
ಮೊದಲ ಪುಟಗಳಲ್ಲೇ ಸತ್ತವನ ಕಥೆ ಮುಂದೆ ಯಾಕೆ ಓದಬೇಕು, ಎರಡನೇ ಅಧ್ಯಾಯ ಬೇಸರ ಹಿಡಿಸಿತು ಅಂತ ಬರೆದಿದ್ದೀರಿ. ಬಹಳ ಜನ ಕೈಬಿಡುವುದು ಅಲ್ಲೇ. ಟಾಲ್‌ಸ್ಟಾಯ್ ಅವರ ಈ ನೀಳ್ಗತೆ (1886) ಹನ್ನೆರಡು ಅಧ್ಯಾಯದ್ದು. ಎರಡು, ಮೂರರಲ್ಲಿ ಓದು, ನೌಕರಿ, ಮದುವೆ, ಬಡ್ತಿ ಅಂತ ವರ್ಷಗಟ್ಟಲೆ ಬದುಕು ಸಾಗುತ್ತದೆ. ಆಮೇಲೆ ಅಧ್ಯಾಯಗಳು ಚಿಕ್ಕವಾಗುತ್ತ ಹೋಗುತ್ತವೆ, ಕಾಲವೂ ತಿಂಗಳು, ವಾರ, ದಿನಕ್ಕೆ ಇಳಿಯುತ್ತದೆ. ಕೊನೆಯದರಲ್ಲಿ ಉಳಿದಿರುವುದು ಮೂರೇ ದಿನ. ಅದಕ್ಕೇ ಮೂರರವರೆಗೆ ಒಂದು ದಿನ ಓದಿ, ಉಳಿದದ್ದನ್ನು ಒಂದೇ ಸಲ ಕೂತು ಮುಗಿಸಿ. ದಿನಕ್ಕೊಂದು ಅಧ್ಯಾಯ ಅಂತ ಹಂಚಿಕೊಂಡರೆ ಆ ಬಿಗಿ ಸಡಿಲವಾಗುತ್ತದೆ.

ಮೂರರಲ್ಲಿ ಒಂದು ಕಡೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಪರದೆ ಹೇಗೆ ಇಳಿಬಿಡಬೇಕೆಂದು ಕೆಲಸದವನಿಗೆ ತೋರಿಸಲು ಇವಾನ್ ಏಣಿ ಹತ್ತುತ್ತಾನೆ, ಕಾಲು ಜಾರುತ್ತದೆ, ಪಕ್ಕೆಗೆ ಕಿಟಕಿಯ ಹಿಡಿ ತಾಗುತ್ತದೆ. ಅಷ್ಟೇ. ನಾಲ್ಕರಲ್ಲಿ ಆ ಪಕ್ಕೆಯ ನೋವಿಗೆ ಕಾರಣ ಮೂತ್ರಪಿಂಡವೋ ಕರುಳೋ ಎಂದು ಡಾಕ್ಟರು ತೂಗಿ ನೋಡುತ್ತಾರೆ. ‘ನನಗೆ ಅಪಾಯ ಇದೆಯೇ’ ಎಂದರೆ ನೇರ ಉತ್ತರವಿಲ್ಲ. ಇವಾನ್ ನ್ಯಾಯಾಧೀಶ. ಆರೋಪಿಗಳ ಎದುರು ತಾನು ಹಾಕಿಕೊಳ್ಳುತ್ತಿದ್ದ ಗತ್ತನ್ನೇ ಡಾಕ್ಟರಲ್ಲಿ ಕಾಣುತ್ತಾನೆ. ಇಡೀ ಕಥೆಯ ನೀತಿ ಇರುವುದು ಈ ದೃಶ್ಯದಲ್ಲೇ ಅನ್ನುತ್ತೇನೆ ನಾನು.

ಮುಗಿಸಿದ ಮೇಲೆ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಲೇಬೇಕು. ಸಹೋದ್ಯೋಗಿಗಳಿಗೆ ಬಡ್ತಿಯ ಲೆಕ್ಕ, ಹೆಂಡತಿಗೆ ಸರ್ಕಾರದಿಂದ ಇನ್ನಷ್ಟು ಹಣ ಹೊರಡಿಸುವ ಚಿಂತೆ. ನಾವೆಲ್ಲರೂ ಒಂದು ದಿನ ಹೋಗುವವರೇ ಎಂದು ಸಹಜವಾಗಿ ಹೇಳುವವನು ಆಳು ಗೆರಾಸಿಮ್ ಒಬ್ಬನೇ. ರೋಗಿಯ ಕಾಲುಗಳನ್ನು ಕೆಲವೊಮ್ಮೆ ರಾತ್ರಿಯಿಡೀ ಹೆಗಲ ಮೇಲೆ ಹೊತ್ತು ಕೂತಿದ್ದವನು ಇವನೇ ಎಂಬುದು ಅಷ್ಟರಲ್ಲಿ ನಿಮಗೆ ಗೊತ್ತಿರುತ್ತದೆ.

ಅನುವಾದ ಹೇಗಿದೆ ಎಂದು ನೋಡಲು ಕೊನೆಯ ಪುಟ ತೆರೆಯಿರಿ. ರಷ್ಯನ್ನಿನಲ್ಲಿ ಇವಾನ್ ‘ಪ್ರೊಸ್ತಿ’, ಅಂದರೆ ಕ್ಷಮಿಸು, ಎನ್ನಲು ಹೋಗಿ ‘ಪ್ರೊಪುಸ್ತಿ’, ದಾರಿ ಬಿಡು, ಎಂದುಬಿಡುತ್ತಾನೆ. ತಿದ್ದಿ ಹೇಳಲು ತ್ರಾಣವಿಲ್ಲದೆ ಕೈ ಬೀಸಿ ಸುಮ್ಮನಾಗುತ್ತಾನೆ. ನಾಲಗೆಯ ಈ ತಪ್ಪು ನಿಮ್ಮ ಪ್ರತಿಯಲ್ಲಿ ಕಾಣದಿದ್ದರೆ ಬೇರೆ ಅನುವಾದ ಹುಡುಕಿ.

ಇಷ್ಟಾದರೂ ಹಿಡಿಸದಿದ್ದರೆ ಟಾಲ್‌ಸ್ಟಾಯ್ ಅವರದೇ ‘ಯಜಮಾನ ಮತ್ತು ಆಳು’ (1895) ಮೊದಲು ಓದಿ. ಕಾಡು ಕೊಳ್ಳಲು ಹಿಮಗಾಳಿಯಲ್ಲಿ ಹೊರಟ ವ್ಯಾಪಾರಿಯ ಬಳಿ 3000 ರೂಬಲ್, ಅದರಲ್ಲಿ 2300 ಚರ್ಚಿನ ದುಡ್ಡು. ಆ ಮೊತ್ತ ನೆನಪಿರಲಿ. ಮರಗಟ್ಟುತ್ತಿರುವ ಆಳಿನ ಮೇಲೆ ತುಪ್ಪಳದ ಕೋಟು ಬಿಚ್ಚಿ ಮೈಚೆಲ್ಲಿ ಮಲಗುವಾಗಲೂ ಅವನಲ್ಲಿರುವುದು ಒಳ್ಳೆಯ ವ್ಯಾಪಾರ ಕುದುರಿದಾಗ ಕೈಗೆ ಕೈ ತಟ್ಟುವ ಅದೇ ಹುರುಪು.