ಕತ್ತಿನ ನಳಿಕೆ ತೆಗೆದದ್ದು ಯಾಕೆ?

ಪ್ರಶ್ನೆ: ಹೊಟ್ಟೆಯ ಆಪರೇಷನ್ ಆಗಿ ಅಪ್ಪ ಐಸಿಯುನಲ್ಲಿದ್ದಾರೆ. ಆ್ಯಂಟಿಬಯೋಟಿಕ್ ಕೊಟ್ಟರೂ ಜ್ವರ ಇಳಿಯಲಿಲ್ಲ. ರಕ್ತದಲ್ಲಿ ಫಂಗಸ್ ಇದೆ ಎಂದು ಕತ್ತಿನ ರಕ್ತನಾಳಕ್ಕೆ ಹಾಕಿದ್ದ ನಳಿಕೆ ತೆಗೆದರು. ಈಗ ಕಣ್ಣಿನ ಡಾಕ್ಟರನ್ನೂ ಕರೆಸುತ್ತಿದ್ದಾರೆ. ಇದು ಆಸ್ಪತ್ರೆಯ ಕೊಳಕಿನಿಂದ ಬಂತಾ? ನಮಗೂ ಅಂಟುತ್ತದಾ?

ಉತ್ತರ: ನಳಿಕೆ ತೆಗೆದದ್ದು ಒಳ್ಳೆಯದೇ ಆಯಿತು. ಇದು ಜೀವಕ್ಕೆ ಅಪಾಯ ತರಬಲ್ಲ ಸೋಂಕು, ತಡ ಮಾಡುವಂತಿಲ್ಲ.

ಇಂಥ ಕಡೆ ಸಿಗುವ ಫಂಗಸ್ ಹೆಚ್ಚಾಗಿ ಕ್ಯಾಂಡಿಡಾ. ಅದು ನಮ್ಮ ಬಾಯಿ, ಕರುಳು, ಚರ್ಮದಲ್ಲಿ ತನ್ನ ಪಾಡಿಗೆ ಸುಮ್ನೆ ಇರುತ್ತದೆ. ಜಾಸ್ತಿ ದಿನ ಆ್ಯಂಟಿಬಯೋಟಿಕ್ ಕೊಟ್ಟರೆ ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಬ್ಯಾಕ್ಟೀರಿಯಾ ಸಾಯುತ್ತವೆ, ಇದು ಬೆಳೆಯುತ್ತದೆ. ಕರುಳಿನಿಂದ ರಕ್ತಕ್ಕೆ ಇಳಿಯಬಹುದು, ನಳಿಕೆ ಚುಚ್ಚಿದ ಜಾಗದಿಂದಲೂ ಒಳಗೆ ಹೋಗಬಹುದು. ಒಳಗಿನ ಪ್ಲಾಸ್ಟಿಕ್ ಮೇಲೆ ಪಾಚಿಯಂತೆ ಲೋಳೆ ಪದರ ಕಟ್ಟಿಕೊಳ್ಳುತ್ತದೆ. ಔಷಧಿ ಆ ಪದರವನ್ನು ದಾಟಿ ಫಂಗಸ್ಸನ್ನು ಕೊಲ್ಲುವುದು ಬಹಳ ಕಷ್ಟ. ಅದಕ್ಕೇ ನಳಿಕೆಯನ್ನೇ ತೆಗೆಯುವುದು.

ಕೈ ಶುಚಿ ಇಲ್ಲದೆಯೂ ಇದು ಬರಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಅಪ್ಪನಿಗೆ ಎಲ್ಲಿಂದ ಬಂತು ಎಂದು ಇಲ್ಲಿ ಕೂತು ಹೇಳಲಾರೆ. ಒಂದನ್ನು ಮಾತ್ರ ನೀವೇ ಗಮನಿಸಬಹುದು. ನಳಿಕೆಯ ತುದಿಗೆ ಸಿರಿಂಜ್ ಹಾಕುವ ಮುಂಚೆ, ಆ ತುದಿಯನ್ನು ಪ್ರತಿ ಸಲ ಸ್ಪಿರಿಟ್‌ನಿಂದ ಚೆನ್ನಾಗಿ ಉಜ್ಜಿ, ಒಣಗಲು ಬಿಡಬೇಕು. ಸುಮ್ಮನೆ ಒರೆಸಿದರೆ ಸಾಲದು. ಹಾಗೆ ಮಾಡದಿದ್ದರೆ ಕೇಳಿ, ಸಂಕೋಚ ಬೇಡ.

ಕಣ್ಣಿನ ವಿಷಯ. ರಕ್ತದ ಜೊತೆ ಹರಿದ ಫಂಗಸ್ ಕಣ್ಣಿನ ಒಳಪದರದಲ್ಲಿ ಕೂರಬಹುದು. ಮಂಪರಿನಲ್ಲಿರುವ ರೋಗಿ ಮಂಜು ಮಂಜಾಗಿ ಕಾಣುತ್ತಿದೆ ಎಂದು ಹೇಳುವುದು ಹೇಗೆ? ಅದಕ್ಕೆ ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ನೋಡುತ್ತಾರೆ.

ಔಷಧಿಗೆ ಸಾಮಾನ್ಯವಾಗಿ ಮೊದಲು ಕ್ಯಾಸ್ಪೋಫಂಜಿನ್‌ನಂಥ ಡ್ರಿಪ್, ಈ ಫಂಗಸ್ ಫ್ಲುಕೊನಜೋಲ್‌ಗೆ ಬಗ್ಗುತ್ತದೆ ಎಂದು ರಿಪೋರ್ಟ್ ಬಂದರೆ ಆಮೇಲೆ ಅದರ ಮಾತ್ರೆ. ಬೇರೆ ಅಂಗಕ್ಕೆ ಹರಡದಿದ್ದರೆ ಸಾಮಾನ್ಯವಾಗಿ 14 ದಿನ. ಬಹಳ ಮನೆಯವರು ಎಡವುವುದು ಇಲ್ಲೇ: ಔಷಧಿ ಶುರುವಾದ ದಿನದಿಂದ ಎಣಿಸುತ್ತಾರೆ. ಎಣಿಕೆ ಶುರುವಾಗುವುದು ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ಫಂಗಸ್ ಇಲ್ಲ ಎಂದು ಮೊದಲು ಬಂದ ಆ ರಕ್ತವನ್ನು ತೆಗೆದ ದಿನದಿಂದ. ಜ್ವರ ಬಿಟ್ಟಿತು ಎಂದು ನಿಲ್ಲಿಸುವಂತಿಲ್ಲ.

ಆರೋಗ್ಯವಾಗಿರುವ ನಿಮಗೆ ಭಯ ಬೇಡ. ರಿಪೋರ್ಟ್‌ನಲ್ಲಿ ಕ್ಯಾಂಡಿಡಾ ಆರಿಸ್ ಎಂದಿದ್ದರೆ ಮಾತ್ರ ಬೇರೆ ಮಾತು. 2009ರಲ್ಲಿ ಜಪಾನ್‌ನ ವೈದ್ಯರು ಮೊದಲು ವಿವರಿಸಿದ ಈ ಜಾತಿ ಮಂಚ, ಕೈಗಳ ಮೂಲಕ ಪಕ್ಕದ ರೋಗಿಗೆ ಹರಡುತ್ತದೆ. ಆಗ ಗೌನು, ಗ್ಲೌಸ್ ಹಾಕಿಕೊಂಡೇ ಒಳಗೆ ಹೋಗಿ, ಹೊರಬಂದ ಮೇಲೆ ಕೈ ತೊಳೆಯಿರಿ.

ಹೊಸ ನಳಿಕೆ ಹಾಕಿದ್ದಾರಾ? ಹಾಕಿದ್ದರೆ ರೌಂಡ್ಸ್‌ಗೆ ಬಂದ ಡಾಕ್ಟರನ್ನು ದಿನಾ ಕೇಳಿ: ಇದು ಇವತ್ತೂ ಬೇಕಾ? ನನ್ನ ಐಸಿಯುನಲ್ಲಿ ಪ್ರತಿ ರೋಗಿಯ ಹತ್ತಿರ ನಾನು ಮೊದಲು ಕೇಳುವುದೂ ಇದನ್ನೇ.